ನೀಲವ್ವನ ಹಸಿವು

ಮಗನ ಪಾಲಿನ ರೊಟ್ಟಿಯನ್ನೂ ತಿಂದು ಮುಗಿಸಿದ ಮೇಲೆ ನೀಲವ್ವನಿಗೆ ಬಾಗಿಲ ಹೊರಗೆ ಯಾರೋ ನಿಂತು ತಟ್ಟುತ್ತಿದ್ದಾರೆ ಅನ್ನಿಸಿತು. ಎದ್ದು ಹೋಗಿ ಚಿಲಕ ತೆಗೆದಳು. ಯಾರೂ ಇರಲಿಲ್ಲ. ಅಂಗಳದ ತುಂಬ ಬಿಸಿಲು, ಹಗ್ಗದ ಮೇಲೆ ಮಗ ಈರಣ್ಣನ ಅಂಗಿ, ಆಚೆ ಮನೆಯೊಡತಿ ರಾಜಮತಿಯಮ್ಮನ ಜಗಲಿಯಲ್ಲಿ ಚಾಪೆಯ ಮೇಲೆ ಹರವಿದ ಹಲಸಿನ ಹಪ್ಪಳ. ತಟ್ಟುತ್ತಿದ್ದದ್ದು ತನ್ನ ಎದೆಯೇ ಎಂದು ಗೊತ್ತಾಗಿ ಬಾಗಿಲು ಹಾಕಿಕೊಂಡು ಅದಕ್ಕೇ ಒರಗಿ ನಿಂತಳು. ಬೆನ್ನಿಗೆ ತಾಗಿದ ಹಲಗೆಯೂ ಎದೆಯ ಜೊತೆಗೆ ಬಡಿದುಕೊಳ್ಳುತ್ತಿರುವಂತಿತ್ತು. ಒಲೆಯ ಪಕ್ಕ ರೊಟ್ಟಿಯ ಬಟ್ಟೆ ಬರಿದಾಗಿ ಬಿದ್ದಿತ್ತು. ಬೆಳಿಗ್ಗೆ ಮಗ ಬೆಳ್ತಂಗಡಿ ಕಡೆಗೆ ಜಮೀನು ಅಳೆಯಲು ಹೊರಟಾಗ ಆ ಬಟ್ಟೆಯಲ್ಲಿ ಇಡೀ ದಿನಕ್ಕಾಗುವಷ್ಟು ರೊಟ್ಟಿಯಿತ್ತು. ಒಂದು ತಿಂದಳು, ಆಮೇಲೆ ಅರ್ಧ, ಆಮೇಲೆ ಉಳಿದರ್ಧ. ಪುಂಡಿಪಲ್ಯ ಮುಗಿದ ಮೇಲೆ ಬರೀ ಉಪ್ಪು ಖಾರ ಹಚ್ಚಿಕೊಂಡು, ಅದೂ ಬೇಡವೆಂದು ಬರೀ ರೊಟ್ಟಿಯನ್ನೇ ಮುರಿದು ಮುರಿದು. ಈಗ ಮತ್ತೆ ಹಿಟ್ಟು ನಾದಬೇಕು. ಮಗ ಬರುವುದರೊಳಗೆ ಬಟ್ಟೆ ತುಂಬಿರಬೇಕು. ಮುದ್ದೇಬಿಹಾಳದಿಂದ ತಂದ ಜೋಳದ ಹಿಟ್ಟು ಡಬ್ಬಿಯ ತಳ ಕಂಡಿತ್ತು. ತಾಯಿ ಮಗ ಇಬ್ಬರೇ ಇರುವ ಮನೆಯಲ್ಲಿ ಇಷ್ಟು ಬೇಗ ಹಿಟ್ಟು ತೀರಿದ್ದು ಹೇಗೆಂದು ಅವನು ಕೇಳಿರಲಿಲ್ಲ. ಕೇಳಿದ್ದರೆ ಒಳ್ಳೆಯದಿತ್ತು. ಕೇಳದೆ ಡಬ್ಬಿಯ ಮುಚ್ಚಳ ತೆಗೆದು, ನೋಡಿ, ಮೆಲ್ಲಗೆ ಮುಚ್ಚಿದ್ದ.

ಹಿಟ್ಟು ನಾದಲು ಕೂತರೆ ಕೈ ನಿಲ್ಲದು. ಮರದ ಕೊಣಮಿಗೆಯ ಮೇಲೆ ತಟ್ಟಿದ ರೊಟ್ಟಿ ಒಂದು ಕಡೆ ದಪ್ಪ, ಒಂದು ಕಡೆ ತೆಳುವಾಗಿ, ಅಂಚು ಬಿರಿದು, ಎತ್ತುವಾಗ ಹರಿಯುತ್ತಿತ್ತು. ತಾನು ಮದುವೆಯಾಗಿ ಬಂದ ವರ್ಷ, ಮಾವ ತನ್ನ ರೊಟ್ಟಿಯನ್ನು ಬೆರಳ ತುದಿಯಲ್ಲಿ ತಿರುಗಿಸಿ ಬಂದವರಿಗೆಲ್ಲ ತೋರಿಸುತ್ತಿದ್ದರು. ಈಗ ಸೆರಗಿನಿಂದ ಬೆವರು ಒರೆಸಿಕೊಂಡಷ್ಟೂ ಬೆವರು. ಬಂಟ್ವಾಳಕ್ಕೆ ಬಂದ ಹೊಸದರಲ್ಲಿ ಇದು ಊರಿನ ಗುಣವೆಂದುಕೊಂಡಿದ್ದಳು. ಇಲ್ಲಿ ಎಲ್ಲರೂ ಬೆವರುತ್ತಾರೆ, ನೇತ್ರಾವತಿಯ ಮೇಲಿನಿಂದ ಬರುವ ಗಾಳಿಯೂ ಬೆವರಿಕೊಂಡೇ ಬರುತ್ತದೆ. ಆದರೆ ಇಲ್ಲಿಯವರಿಗೆ ಸಂಜೆಯಾದರೆ ತಂಪಾಗುತ್ತಿತ್ತು. ಅವಳಿಗೆ ಆಗುತ್ತಿರಲಿಲ್ಲ. ಕುಪ್ಪಸದ ತೋಳು ಸಡಿಲವಾಗಿ ಜೋಲುತ್ತಿತ್ತು. ಕನ್ನಡಿಯಲ್ಲಿ ಕಣ್ಣುಗಳು ಮಾತ್ರ ದೊಡ್ಡವಾಗಿ, ಯಾರದೋ ಮೇಲೆ ಸಿಟ್ಟಾದಂತೆ ದಿಟ್ಟಿಸುತ್ತಿದ್ದವು. ಅವ್ವಾ, ಹಂಗ್ಯಾಕ ನೋಡ್ತಿ, ಎಂದು ಈರಣ್ಣ ಒಂದು ದಿನ ಊಟದ ಮಧ್ಯೆ ಕೇಳಿದಾಗ ಅವಳು ಅವನನ್ನು ನೋಡುತ್ತಲೇ ಇರಲಿಲ್ಲ, ಅವನ ತಟ್ಟೆಯಲ್ಲಿ ಉಳಿದಿದ್ದ ಅನ್ನವನ್ನು ನೋಡುತ್ತಿದ್ದಳು. ಆ ಮಾತಿಗೆ ತಲೆ ತಗ್ಗಿಸಿದವಳು ಇವತ್ತಿಗೂ ಮಗನ ಎದುರು ಸರಿಯಾಗಿ ಕಣ್ಣೆತ್ತಿಲ್ಲ.

ಮೂಡುಬಿದಿರೆಯ ಡಾಕ್ಟರರ ಬಳಿಗೆ ಕರೆದುಕೊಂಡು ಹೋದದ್ದು ಆಮೇಲೆಯೇ. ರಾಜಮತಿಯಮ್ಮನೇ ಹೇಳಿದ್ದು, ತಮ್ಮ ತವರಿನವರೆಲ್ಲ ಅಲ್ಲಿಗೇ ಹೋಗುವುದು, ಕೈಗುಣ ಒಳ್ಳೆಯದುಂಟು ಎಂದು. ಸಿದ್ಧಕಟ್ಟೆಯ ಮೇಲಿಂದ ಹೋಗುವ ಬಸ್ಸಿನಲ್ಲಿ ನೀಲವ್ವ ಕಿಟಕಿಗೆ ಮುಖ ಕೊಟ್ಟು, ಗಾಳಿ ಸಾಲದೆ ಸೆರಗು ಜಾರಿಸಿ ಕುತ್ತಿಗೆಯನ್ನೂ ಹೊರಗೆ ಚಾಚಿದ್ದಳು. ಹಿಂದಿನ ಸೀಟಿನವರು ನೋಡುತ್ತಾರೆಂದು ಮಗ ಅವಳ ಸೆರಗು ಎಳೆದು ಹೊದಿಸಿದ, ಚಿಕ್ಕ ಮಕ್ಕಳಿಗೆ ಹೊದಿಸುವ ಹಾಗೆ. ಡಾಕ್ಟರರ ಕೋಣೆಯಲ್ಲಿ ಫ್ಯಾನು ತಿರುಗುತ್ತಿತ್ತು. ಅದರ ಕೆಳಗೆ ಕೂತ ಕೂಡಲೇ ಅವಳಿಗೆ ಬೇರೇನೂ ಬೇಡವಾಯಿತು, ಹೀಗೇ ಕೂರಿಸಿದರೆ ಸಾಕು ಅನ್ನಿಸಿತು. ಡಾಕ್ಟರು ಮರ್ಯಾದಸ್ಥರು, ಬೆಳ್ಳಗಿನ ಅಂಗಿ, ಮೆಲ್ಲನೆಯ ಮಾತು. ಆದರೆ ಅವರು ಕೇಳಿದ್ದೆಲ್ಲ ಈರಣ್ಣನನ್ನು. ಅಮ್ಮನಿಗೆ ಎಷ್ಟು ಪ್ರಾಯ? ನಿದ್ರೆ ಬರ್ತದಾ? ಈರಣ್ಣ ಆಫೀಸಿನ ಕನ್ನಡದಲ್ಲಿ ಉತ್ತರ ಕೊಡುತ್ತಿದ್ದ. ನಿದ್ರೆ ಕಡಿಮೆ ಸರ್. ಯೋಚನೆ ಜಾಸ್ತಿ ಸರ್. ತಂದೆ ತೀರಿಕೊಂಡ ಮೇಲೆ ಹೀಗೆ ಸರ್. ಅವಳು ಒಮ್ಮೆ, ಎದಿಯಾಗ ಕುದುರಿ ಓಡಿಧಂಗ ಆಕ್ಕೈತ್ರಿ, ಎಂದಳು. ಡಾಕ್ಟರು ಮಗನತ್ತ ತಿರುಗಿ, ಏನು ಹೇಳ್ತಾರೆ, ಎಂದರು. ಈರಣ್ಣ ಕುದುರೆಯನ್ನು ಬಿಟ್ಟು, ಸ್ವಲ್ಪ ಎದೆನೋವು ಅಂತಾರೆ ಸರ್, ಎಂದ. ಅವಳು ಮಾತಾಡಿದ್ದೂ ಕನ್ನಡ, ಅವರು ಮಾತಾಡಿದ್ದೂ ಕನ್ನಡ, ನಡುವೆ ಮಗ ನಿಂತು ಅವಳ ಮಾತಿನ ಧೂಳು ಕೊಡವಿ ಕೊಡುತ್ತಿದ್ದ. ಊಟ ಹೇಗೆ ಮಾಡ್ತಾರೆ, ಎಂದು ಡಾಕ್ಟರು ಕೇಳಿದರು. ಈರಣ್ಣನ ಕಿವಿಯ ತುದಿ ಕೆಂಪಾಯಿತು. ಊಟ ಸೇರೋದಿಲ್ಲ ಸರ್, ಮೊದಲಿನಿಂದಲೂ ಒಪ್ಪೊತ್ತು. ನೀಲವ್ವನಿಗೆ ಬಾಯಿ ತೆರೆಯಬೇಕೆನ್ನಿಸಿತು. ತೆರೆಯಲಿಲ್ಲ. ಗಂಡ ಸತ್ತವಳು, ಮದುವೆಗೆ ಬಂದ ಮಗನಿರುವವಳು, ನಾನು ದಿನಕ್ಕೆ ನಾಕು ಸಲ ಉಣತೀನಿ, ಉಂಡು ಕೈ ತೊಳೆಯೂದರೊಳಗ ಮತ್ತ ಹಸಿವು ಆಕ್ಕೈತಿ ಎಂದು ಪರ ಊರಿನ ಗಂಡಸಿನ ಮುಂದೆ ಹೇಗೆ ಹೇಳುವುದು? ಫ್ಯಾನಿನ ಕೆಳಗೆ ತಲೆ ಬಗ್ಗಿಸಿ ಆ ಸುಳ್ಳನ್ನು ಹಾಗೇ ಇರಗೊಟ್ಟಳು. ಡಾಕ್ಟರು ಮಗನಿಗೆ ಇಂಗ್ಲಿಷಿನಲ್ಲಿ ಏನೋ ಹೇಳಿದರು. ಅದರಲ್ಲಿ ಅವಳಿಗೆ ತಿಳಿದದ್ದು ನರ್ವ್ಸ್ ಎಂಬ ಒಂದೇ ಮಾತು. ನಿದ್ದೆಗೊಂದು ಮಾತ್ರೆ, ಹಸಿವು ಹುಟ್ಟಲೆಂದು ಒಂದು ಟಾನಿಕ್ಕು. ಆ ಟಾನಿಕ್ಕಿನ ಬಾಟಲಿ ನೋಡಿದಾಗೆಲ್ಲ ಅವಳಿಗೆ ಅಳಬೇಕೋ ನಗಬೇಕೋ ತಿಳಿಯುತ್ತಿರಲಿಲ್ಲ.

ನಿನ್ನೆ ಸಂಜೆ ಈರಣ್ಣ ಅಂಗಳದಲ್ಲಿ ನಿಂತು, ಅಳತೆಯ ಸರಪಳಿ ಹಿಡಿಯುವ ಚೈನ್‌ಮನ್ ರುಕ್ಮಯ್ಯನ ಹತ್ತಿರ ಮಾತಾಡಿದ್ದು ಕಿಟಕಿಯಿಂದ ಕೇಳಿಸಿತ್ತು. ನಾಳೆ ಕೆಲಸ ಮುಗಿಸಿ ಬರುವಾಗ ಹುಬ್ಬಳ್ಳಿ ಬಸ್ಸಿಗೆ ಸೀಟು ಬರೆಸಬೇಕು ರುಕ್ಮಯ್ಯ, ಅಮ್ಮನನ್ನು ಊರಿಗೆ ಬಿಟ್ಟು ಬರ್ತೇನೆ. ರುಕ್ಮಯ್ಯ ಒಳ್ಳೆಯ ಮನುಷ್ಯ, ಒಳ್ಳೆಯದಕ್ಕೇ ಹೇಳಿದ: "ಅದೇ ಒಳ್ಳೇದು ಸರ್. ಊರಿನ ಗಾಳಿ ನೀರು ಸಿಕ್ಕಿದರೆ ಮಂಡೆ ಸಮ ಆಗ್ತದೆ." ಮಂಡೆ ಎಂದರೆ ತಲೆ. ಆ ಮಾತು ಅವಳ ಊರಿನಲ್ಲೂ ಉಂಟು. ಈಗ ಹರಿದ ರೊಟ್ಟಿಯನ್ನು ಮತ್ತೆ ಮುದ್ದೆ ಮಾಡುತ್ತ ಅದನ್ನೇ ನೆನೆದಳು. ಊರಿನ ಗಾಳಿ. ಊರಿನ ಹಿತ್ತಲ ಕೋಣೆ. ಅದರ ಸಣ್ಣ ಕಿಂಡಿಯಿಂದ ಎರಡು ಕಣ್ಣು ಹೊರಗೆ ನೋಡುತ್ತಿದ್ದವು, ದೊಡ್ಡ ಕಣ್ಣು, ರೆಪ್ಪೆ ಬಡಿಯದ ಕಣ್ಣು. ನೀಲವ್ವ ಆಗ ಪರಕಾರ ಉಡುವ ಹುಡುಗಿ. ಅದು ಅವಳ ಚಿಗವ್ವ, ತಾಯಿಯ ತಂಗಿ ಚೆನ್ನವ್ವ, ಗಂಡನ ಮನೆಯವರು ಹೊಟ್ಟೆಬಾಕಿಯೆಂದು, ಆಮೇಲೆ ಹುಚ್ಚಿಯೆಂದು ತವರಿಗೆ ತಂದು ಬಿಟ್ಟುಹೋದವಳು. ಚಿಗವ್ವ ಒಂದು ಕಡೆ ಕೂರುತ್ತಿರಲಿಲ್ಲ, ಮಾಗಿಯ ಚಳಿಯಲ್ಲೂ ಹೊದಿಕೆ ಒದೆಯುತ್ತಿದ್ದಳು, ಕಂಡದ್ದೆಲ್ಲ ತಿನ್ನುತ್ತಿದ್ದಳು, ತಿಂದರೂ ಮೈಯಲ್ಲಿ ಎಲುಬು ಬಿಟ್ಟರೆ ಏನೂ ಇರಲಿಲ್ಲ. ಕೋಣೆಗೆ ಹಾಕುವ ಮೊದಲು, ರೊಟ್ಟಿ ಬುಟ್ಟಿಯನ್ನು ಅವಳ ಕೈಗೆ ಎಟುಕದಂತೆ ನೆಲುವಿಗೆ ಏರಿಸುವ ಕೆಲಸ ನೀಲವ್ವನದು. ಏರಿಸಿ, ಕೆಳಗೆ ನಿಂತು, ಚಿಗವ್ವ ನೆಗೆಯುವುದನ್ನು ನೋಡಿ ತಾನೂ ತಂಗಿಯರೂ ನಕ್ಕದ್ದುಂಟು. ಚಿಗವ್ವ ಸಿಟ್ಟಾಗುತ್ತಿರಲಿಲ್ಲ. ಕೈ ಚಾಚಿ ನಿಲ್ಲುತ್ತಿದ್ದಳು, ಚಾಚಿದ ಕೈ ನಡುಗುತ್ತಿತ್ತು.

ನೀಲವ್ವ ತನ್ನ ಕೈ ನೋಡಿಕೊಂಡಳು. ಹಿಟ್ಟು ಮೆತ್ತಿದ ಬೆರಳು ಗಾಳಿಗೆ ಸಿಕ್ಕ ಎಲೆಯಂತೆ ಅದುರುತ್ತಿದ್ದವು. ಹಿಂದೆಯೂ ನೋಡಿದ್ದಳು, ಆದರೆ ಇದು ಯಾರ ಕೈ ಎಂದು ಗುರುತು ಸಿಕ್ಕಿರಲಿಲ್ಲ. ಅವಳಿಗೆ ಭಯವಾಯಿತು, ಭಯದ ಹಿಂದೆಯೇ ಒಂದು ಸಿಟ್ಟು ಬಂತು. ನಾನು ಆ ಕೋಣೆಗೆ ಹೋಗುವುದಿಲ್ಲ. ಹುಬ್ಬಳ್ಳಿ ಬಸ್ಸೂ ಬೇಡ, ಕಿಂಡಿಯೂ ಬೇಡ. ಚಿಗವ್ವನನ್ನು ಯಾರಾದರೂ ದವಾಖಾನೆಗೆ ಒಯ್ದಿದ್ದರೇ? ಮಂತ್ರವಾದಿಯ ಹತ್ತಿರ ಒಯ್ದಿದ್ದರು, ಮಠಕ್ಕೆ ಒಯ್ದಿದ್ದರು, ಒಯ್ದವರೇ ಎಲ್ಲ ಕಡೆ ಮಾತಾಡಿದ್ದರು. ನಿನಗೇನು ಆಗತೈತಿ ಎಂದು ಆಕೆಯನ್ನು ಯಾರೂ ಕೇಳಿದ್ದು ನೀಲವ್ವನಿಗೆ ನೆನಪಿಲ್ಲ. ಹಿಟ್ಟಿನ ಮೇಲೆ ತಟ್ಟೆ ಮುಚ್ಚಿ, ಕೈ ತೊಳೆದು, ಇಳಕಲ್ ಸೀರೆ ಉಟ್ಟು, ತಲೆಗೆ ಸೆರಗು ಹೊದ್ದು ಹೊರಗೆ ಬಂದಳು.

ರಾಜಮತಿಯಮ್ಮ ಹಪ್ಪಳ ಮಗುಚುತ್ತ ಕೂತಿದ್ದರು. "ಓಡೆ?" ಎಂದು ತುಳುವಿನಲ್ಲೇ ಕೇಳಿ, ನೀಲವ್ವನ ಮುಖ ನೋಡಿ, "ಎಲ್ಲಿಗೆ ಹೊರಟದ್ದು?" ಎಂದರು.

"ದವಾಖಾನಿಗಿ. ಸರಕಾರಿದಕ್ಕ."

"ಆಸ್ಪತ್ರೆಗಾ? ಮಗ ಇಲ್ಲದೆ? ಅಲ್ಲಿ ಭಾರಿ ರಶ್ಶುಂಟು, ನಿಮಗೆ ಅವರ ಭಾಷೆ ಗೊತ್ತಾಗುವುದಿಲ್ಲ. ಸ್ವಲ್ಪ ನಿಲ್ಲಿ, ನಾನು ಸೀರೆ ಬದಲಿಸಿ ಬರ್ತೇನೆ. ನಾನು ಹೇಳ್ತೇನೆ ಅವರಿಗೆ ಎಲ್ಲ."

ಹೇಳುತ್ತಾರೆ. ಎಲ್ಲವನ್ನೂ ಹೇಳುತ್ತಾರೆ. ಒಳ್ಳೆಯ ಹೆಂಗಸು, ಹಬ್ಬಕ್ಕೆ ಪಾಯಸ ಕಳಿಸುವವರು. ಆದರೂ ನೀಲವ್ವ ತನಗೇ ಆಶ್ಚರ್ಯವಾಗುವಷ್ಟು ಗಟ್ಟಿಯಾಗಿ ಹೇಳಿದಳು: "ಬ್ಯಾಡ್ರಿ ಅಮ್ಮಾರ. ನಂದು ನಾನ ಹೇಳಬೇಕು."

ಆಸ್ಪತ್ರೆಯ ಹೊರಜಗಲಿಯಲ್ಲಿ ಸಾಲು ಮೆಟ್ಟಿಲಿನವರೆಗೂ ಬಂದಿತ್ತು. ಮಗು ಎತ್ತಿಕೊಂಡ ಬ್ಯಾರಿ ಹೆಂಗಸರು, ಕಾಲಿಗೆ ಬಟ್ಟೆ ಸುತ್ತಿಕೊಂಡ ಮುದುಕ, ಕೆಮ್ಮುವವರು, ಕೆಮ್ಮದೆ ಸುಮ್ಮನೆ ಗೋಡೆ ನೋಡುವವರು. ಎಲ್ಲರೂ ಎಲ್ಲರ ಜೊತೆ ಮಾತಾಡುತ್ತಿದ್ದರು. ತುಳುವೋ ಬ್ಯಾರಿ ಮಾತೋ, ಅವಳಿಗೆ ಎರಡೂ ಒಂದೇ ನೀರಿನ ಸದ್ದು. ತನ್ನ ಬಣ್ಣದ ಅಂಚಿನ ಸೀರೆಯನ್ನು, ತಲೆಯ ಮೇಲಿನ ಸೆರಗನ್ನು ನೋಡುತ್ತಿದ್ದಾರೆ ಎಂದು ಗೊತ್ತಾಗುತ್ತಿತ್ತು. ಸಾಲು ಮುಂದೆ ಸರಿಯುವಾಗ ಒಬ್ಬಾಕೆ ಏನೋ ಕೇಳಿದಳು, ನೀಲವ್ವ ನಕ್ಕಳು. ಅದು ನಗುವ ಪ್ರಶ್ನೆಯಾಗಿರಲಿಲ್ಲವೆಂದು ಆಕೆಯ ಮುಖ ಹೇಳಿತು. ಬಿಸಿಲು ಏರುತ್ತ ಹೋದಂತೆ ಎದೆಯ ಓಟ ಕಿವಿಗೆ ಬಂತು. ಹೊಟ್ಟೆ ಆಗಲೇ ಕೂಗುತ್ತಿತ್ತು. ಎದುರಿನ ಹೋಟೆಲಿನಿಂದ ಗೋಳಿಬಜೆ ಕರಿಯುವ ವಾಸನೆ ಬಂದು ಸಾಲಿನ ಮೇಲೆ ತೂಗಿ ನಿಂತಿತು. ಆ ವಾಸನೆ ಬಂದ ದಿಕ್ಕಿಗೆ ತನ್ನ ಕುತ್ತಿಗೆ ತಾನಾಗಿಯೇ ತಿರುಗಿದ್ದನ್ನು ಕಂಡು ಅವಳಿಗೆ ನಾಚಿಕೆಯಾಯಿತು, ಇಷ್ಟು ಜನರ ನಡುವೆ ತನ್ನೊಬ್ಬಳ ಹೊಟ್ಟೆಯೇ ಬಟ್ಟೆ ಬಿಚ್ಚಿ ನಿಂತಂತೆ. ಕಾಲು ಸೋತು ಗೋಡೆಗೆ ಜಾರಿ ಕೂತುಬಿಟ್ಟಳು.

ಬಾಗಿಲಲ್ಲಿದ್ದ ಆಯಾ ಸೇಸಮ್ಮ ಅದನ್ನು ನೋಡಿದಳು. ಎತ್ತರದ ದನಿಯ, ಸೊಂಟಕ್ಕೆ ಸೆರಗು ಸಿಕ್ಕಿಸಿದ ಹೆಂಗಸು. ಹತ್ತಿರ ಬಂದು ಬಗ್ಗಿ, ಇಡೀ ಜಗಲಿಗೆ ಕೇಳುವ ಹಾಗೆ, "ಬಡಾಪುಂಡಾ?" ಎಂದಳು.

ನೀಲವ್ವ ತಲೆಯೆತ್ತಿದಳು. ಸೇಸಮ್ಮ ಇನ್ನೂ ಗಟ್ಟಿಯಾಗಿ, ಒಂದೊಂದೇ ಅಕ್ಷರ ಬಿಡಿಸಿ ಮತ್ತೆ ಕೇಳಿದಳು. ಸಾಲಿನವರೆಲ್ಲ ಇತ್ತ ತಿರುಗಿದರು. ಬಡವಿಯೇ ಎಂದು ಕೇಳುತ್ತಿದ್ದಾಳೆ. ಸೀರೆ ನೋಡಿಯೋ, ನೆಲದ ಮೇಲೆ ಕೂತದ್ದು ನೋಡಿಯೋ. ನೀಲವ್ವನ ಮೈಯ ಬಿಸಿಯೆಲ್ಲ ಮುಖಕ್ಕೆ ಬಂತು. ಗೋಡೆ ಹಿಡಿದು ಎದ್ದು ನಿಂತಳು. "ಬಡವಿ ಅಲ್ಲ ನಾನು," ಎಂದಳು. "ಎಂಟೆಕರೆ ಎರಿ ಹೊಲ ಐತಿ ನಮ್ಮದು. ನನ್ನ ಮಗ ಸರ್ವೇದಾಗ ಅದಾನ."

ಸ್ವಲ್ಪ ಹೊತ್ತು ಯಾರಿಗೂ ಅರ್ಥವಾಗಲಿಲ್ಲ. ಆಮೇಲೆ ಕಾಲಿಗೆ ಬಟ್ಟೆ ಸುತ್ತಿದ ಮುದುಕ ನಕ್ಕ, ಅವನ ಪಕ್ಕದವಳು ನಕ್ಕಳು, ನಗು ಮೆಟ್ಟಿಲಿನವರೆಗೂ ಹೋಯಿತು. ಸೇಸಮ್ಮ ನಗುತ್ತ ಕೈ ಹಿಡಿಯಲು ಬಂದಳು. ನೀಲವ್ವ ಕೈ ಕೊಡಲಿಲ್ಲ. ತಿರುಗಿ ಹೋಗಿಬಿಡಬೇಕೆನ್ನಿಸಿತು. ಹೋಗುವುದೆಲ್ಲಿಗೆ? ಹೋದರೆ ಸಂಜೆಗೆ ಹುಬ್ಬಳ್ಳಿ ಬಸ್ಸಿನ ಸೀಟು ಬರುತ್ತದೆ. ನಗುವವರು ನಗಲಿ ಎಂದು ಸಾಲಿನಲ್ಲಿ ತನ್ನ ಜಾಗದಲ್ಲಿಯೇ ನಿಂತಳು, ಬೆನ್ನು ನೆಟ್ಟಗೆ ಮಾಡಿಕೊಂಡು.

ಒಳಗಿದ್ದದ್ದು ಹೆಂಗಸು. ಡಾಕ್ಟರ್ ಪರಮೇಶ್ವರಿ ಎಂದು ಹೊರಗೆ ಹಲಗೆಯ ಮೇಲೆ ಬರೆದಿದ್ದರು. ಎಣ್ಣೆ ಹಚ್ಚಿ ಬಿಗಿಯಾಗಿ ಹೆಣೆದ ಜಡೆ, ದಪ್ಪ ಕನ್ನಡಕ, ಈರಣ್ಣನಿಗಿಂತ ನಾಲ್ಕೈದು ವರ್ಷ ದೊಡ್ಡವಳಿರಬಹುದು. ಜೊತೆಗೆ ಯಾರಿದ್ದಾರೆ ಎಂದು ಕೇಳಿದಳು. ಯಾರೂ ಇಲ್ಲರಿ, ಎಂದಳು ನೀಲವ್ವ. ಅಷ್ಟರಲ್ಲಿ ಹಿಂದೆಯೇ ಬಂದ ಸೇಸಮ್ಮ ತುಳುವಿನಲ್ಲಿ ಶುರು ಮಾಡಿದಳು. ಹೊರಗೆ ನಡೆದದ್ದನ್ನೇ ಹೇಳುತ್ತಿದ್ದಾಳೆಂದು ಕೈಸನ್ನೆಯಿಂದ ತಿಳಿಯಿತು. ಡಾಕ್ಟರ ತುಟಿ ಸ್ವಲ್ಪ ಅಲುಗಿತು. ಆದರೆ ನಗಲಿಲ್ಲ. "ಅವರೇ ಹೇಳಲಿ ಸೇಸಮ್ಮ," ಎಂದು ನೀಲವ್ವನ ಕಡೆಗೆ ಕುರ್ಚಿ ತಿರುಗಿಸಿ ಕೂತಳು. "ಅಮ್ಮ, ಬಡಾಪುಂಡಾ ಅಂದರೆ ನೀವು ಬಡವರಾ ಅಂತ ಅಲ್ಲ. ಹಸಿವಾಗ್ತದಾ ಅಂತ. ನೀವು ಹಸಿವಿನಿಂದ ತಲೆತಿರುಗಿ ಕೂತದ್ದು ಅಂತ ಇವಳು ಎಣಿಸಿದ್ದು." ಅಷ್ಟು ಹೇಳಿ, ಕನ್ನಡಕ ಸರಿಮಾಡಿಕೊಂಡು ಕೇಳಿದಳು: "ಹಸಿವಾಗ್ತದಾ ನಿಮಗೆ?"

ನೀಲವ್ವ ಎದುರಿನ ಕುರ್ಚಿಯಲ್ಲಿ ಕೂತಳು. ಇಷ್ಟು ದಿನದಲ್ಲಿ ಯಾರೂ ಅವಳನ್ನು ಅದನ್ನು ಕೇಳಿರಲಿಲ್ಲ. ಎಲ್ಲರೂ ಉತ್ತರ ಇಟ್ಟುಕೊಂಡೇ ಬಂದಿದ್ದರು. ಅವಳೂ ಅಷ್ಟೇ, ತನ್ನ ಉತ್ತರವನ್ನು ಸೆರಗಿನೊಳಗೆ ಬಚ್ಚಿಟ್ಟುಕೊಂಡು ತಿರುಗಿದ್ದಳು. ಕಣ್ಣಿನಲ್ಲಿ ನೀರು ಬಂತು. ಆಮೇಲೆ ಮಾತು ಬಂತು, ಒಡ್ಡು ಒಡೆದ ಕೆರೆಯಂತೆ.

"ಆಕ್ಕೈತ್ರಿ ಬಾಯಾರ. ಭಾಳ ಆಕ್ಕೈತಿ. ಉಂಡು ಕೈ ತೊಳಿಯೂದರಾಗ ಮತ್ತ ಹಸಿವು. ಮಗನ ಪಾಲಿಂದೂ ನಾನ ತಿಂತೀನಿ. ಕಳವು ಮಾಡಿಧಂಗ ತಿಂತೀನಿ, ಬಾಗಲಾ ಹಾಕ್ಕೊಂಡು. ತಿಂದಿದ್ದು ಎಲ್ಲಿ ಹೋಗತೈತೋ ಗೊತ್ತಿಲ್ಲ, ಮೈ ನೋಡ್ರಿ, ಕಟಗಿ ಆಗೇತಿ. ಮೈಯೆಲ್ಲಾ ಉರಿ. ಎಲ್ಲಾರೂ ಹೊದ್ದು ಮಲಗಿದ್ರ ನಾ ನೆಲದ ಮ್ಯಾಲ ನೀರ ಚಿಮುಕಿಸಿ ಮಲಗತೀನಿ. ಕೂತಲ್ಲಿ ಕೂಡಾಕ ಆಗೂದಿಲ್ಲ. ಸಣ್ಣದಕ್ಕ ಸಿಟ್ಟು, ಸಣ್ಣದಕ್ಕ ಅಳು. ಎದಿಯಾಗ ಕುದುರಿ ಓಡಿಧಂಗ..."

"ಕುದುರೆ?" ಎಂದಳು ಡಾಕ್ಟರು. ಎಲ್ಲ ಮಾತೂ ಆಕೆಗೆ ತಿಳಿಯುತ್ತಿರಲಿಲ್ಲ, ಅದು ಕಾಣುತ್ತಿತ್ತು. ಆದರೆ ತಿಳಿಯದಲ್ಲಿ ಬೇರೆ ಯಾರ ಮುಖವನ್ನೂ ನೋಡದೆ ನೀಲವ್ವನ ಮುಖವನ್ನೇ ನೋಡುತ್ತಿದ್ದಳು. "ಅದು ಹೇಗೆ, ಸ್ವಲ್ಪ ಬಿಡಿಸಿ ಹೇಳಿ."

ಹೇಗೆ ಬಿಡಿಸುವುದು? ಹೋಳಿಯಲ್ಲಿ ಊರಿನ ಹುಡುಗರು ಹಲಗಿ ಬಾರಿಸುವ ಹಾಗೆ ಎಂದರೆ ಈ ಸೀಮೆಯವಳಿಗೆ ಹಲಗಿ ಎಲ್ಲಿಂದ ತಿಳಿಯಬೇಕು? ನೀಲವ್ವ ಕುರ್ಚಿಯನ್ನು ಮುಂದೆ ಎಳೆದು, ಡಾಕ್ಟರ ಮೇಜಿನ ಮೇಲೆ ಬೆರಳಿಟ್ಟು, ಕಣ್ಣು ಮುಚ್ಚಿ, ಎದೆಯೊಳಗಿನದನ್ನು ಕೇಳುತ್ತ ಅದನ್ನೇ ಬಾರಿಸತೊಡಗಿದಳು. ಟಕಟಕ ಟಕಟಕ, ಎಲ್ಲೋ ಒಂದು ಪೆಟ್ಟು ತಪ್ಪಿ, ತಪ್ಪಿದ್ದನ್ನು ತುಂಬಿಸಲು ಎಂಬಂತೆ ಮತ್ತಷ್ಟು ಜೋರಾಗಿ. ಮೇಜಿನ ಮೇಲಿನ ಶಾಯಿಯ ಬಾಟಲಿ ಅದುರಿತು. ಬಾಗಿಲಲ್ಲಿ ಇಣುಕಿದವರು ಸುಮ್ಮನಾದರು. ಅವಳು ಬಾರಿಸುತ್ತಿರುವಾಗಲೇ ಡಾಕ್ಟರು ಮೆಲ್ಲಗೆ ಅವಳ ಇನ್ನೊಂದು ಕೈಯ ನಾಡಿಗೆ ಬೆರಳಿಟ್ಟಳು. ಸ್ವಲ್ಪ ಹೊತ್ತು ಮೇಜನ್ನು ಕೇಳಿದಳು, ನಾಡಿಯನ್ನು ನೋಡಿದಳು. "ಸರಿಯಾಗಿ ಹಾಗೆಯೇ ಉಂಟು," ಎಂದಳು, ಕನ್ನಡಕದ ಹಿಂದೆ ಕಣ್ಣು ಅಗಲ ಮಾಡಿ. ಆ ಮಾತು ಕೇಳಿದ ಕೂಡಲೆ ನೀಲವ್ವನ ಬೆರಳು ನಿಂತವು. ತನ್ನೊಳಗೆ ನಡೆಯುತ್ತಿದ್ದುದನ್ನು ಇನ್ನೊಬ್ಬರು ಕೇಳಿದ್ದರು.

ಆಮೇಲೆ ಡಾಕ್ಟರು ಅವಳ ಕೈ ಚಾಚಿಸಿ, ಚಾಚಿದ ಬೆರಳುಗಳ ಮೇಲೆ ಒಂದು ಹಾಳೆ ಇಟ್ಟಳು. ಹಾಳೆ ಪಟಪಟನೆ ನಡುಗಿತು. ಒಂದು ಲೋಟ ನೀರು ಕೊಟ್ಟು, ಗುಟುಕರಿಸಿ, ಎಂದು ಕುತ್ತಿಗೆಯನ್ನೇ ನೋಡಿದಳು, ಹಿಂದೆ ನಿಂತು ತಣ್ಣಗಿನ ಬೆರಳುಗಳಿಂದ ಗಂಟಲು ಮುಟ್ಟಿದಳು. "ಇಲ್ಲಿ ಸಣ್ಣ ಊತ ಉಂಟು, ನೀವೇ ಮುಟ್ಟಿ ನೋಡಿ. ಇಲ್ಲೊಂದು ಗ್ರಂಥಿ ಇರ್ತದೆ, ಥೈರಾಯ್ಡ್ ಅಂತ. ನಿಮ್ಮದು ಮಿತಿ ಮೀರಿ ಕೆಲಸ ಮಾಡ್ತಾ ಉಂಟು. ಅದು ಜೋರು ಮಾಡಿದರೆ ಮೈ ಇಡೀ ಓಡ್ತದೆ. ತಿಂದದ್ದು ಮೈಗೆ ಹಿಡಿಯುವ ಮೊದಲೇ ಉರಿದುಹೋಗ್ತದೆ. ಹಸಿವು, ಬೆವರು, ಕೈ ನಡುಗುವುದು, ಕಣ್ಣು ಹೀಗೆ ದೊಡ್ಡದಾಗುವುದು, ಎಲ್ಲ ಅದರದ್ದೇ."

"ಹಂಗಾರ ತಲಿ?"

"ತಲೆಗೆ ಏನೂ ಆಗಲಿಲ್ಲ."

"ಹುಚ್ಚಲ್ಲ?"

"ಅಲ್ಲ ಅಮ್ಮ."

"ನಾ ಹೊಟ್ಟೆಬಾಕಿ ಅಲ್ಲ?"

ಡಾಕ್ಟರು ಬರೆಯುತ್ತಿದ್ದದ್ದನ್ನು ನಿಲ್ಲಿಸಿದಳು. "ಅಲ್ಲ," ಎಂದಳು. "ಮಂಗಳೂರಿನ ದೊಡ್ಡ ಆಸ್ಪತ್ರೆಯಲ್ಲಿ ಒಮ್ಮೆ ರಕ್ತ ಪರೀಕ್ಷೆ ಮಾಡಿಸುವ. ಮಾತ್ರೆ ಇವತ್ತೇ ಶುರು ಮಾಡಿ, ಬಿಡದೆ ತಗೊಳ್ಳಬೇಕು. ಅದು ಹಿಡಿಯುವ ತನಕ ಹೊಟ್ಟೆ ಕೇಳಿದಷ್ಟು ಉಣ್ಣಿ. ಅಡಗಿ ಉಣ್ಣುವುದು ಬೇಡ. ಮುಂದಿನ ವಾರ ನನಗೆ ಬಂದು ತೋರಿಸಿ."

ನೀಲವ್ವ ಎದ್ದವಳು ಮತ್ತೆ ಕೂತಳು. ತನ್ನ ಚಿಗವ್ವನಿಗೂ ಹೀಗೇ ಇತ್ತು, ಆಕೆಯನ್ನು ಹಿತ್ತಲ ಕೋಣೆಯಲ್ಲಿ ಹಾಕಿದ್ದರು ಎಂದಳು. ಡಾಕ್ಟರು ಪೆನ್ನು ಕೆಳಗಿಟ್ಟಳು. ನೋಡದೆ ಹೇಳಲಿಕ್ಕಾಗುವುದಿಲ್ಲ, ಇದ್ದಿರಬಹುದು, ಕೆಲವು ಮನೆತನದಲ್ಲಿ ಬರ್ತದೆ, ಎಂದಳು. ನೀಲವ್ವ ಒಮ್ಮೆ ಗೋಡೆಯ ಕಡೆಗೆ ಮುಖ ತಿರುಗಿಸಿ ಮೂಗು ಒರೆಸಿಕೊಂಡಳು. ಹೊರಗೆ ಬಂದಾಗ ಸೇಸಮ್ಮ ಎದುರಾದಳು. ಈ ಸಲ ನೀಲವ್ವನೇ ಅವಳ ಕೈ ಹಿಡಿದಳು. "ಬಡಾಪುಂಡು," ಎಂದಳು, ಪ್ರಶ್ನೆಯ ಬಾಲ ಕತ್ತರಿಸಿ, ಉತ್ತರವಾಗಿ. ಸೇಸಮ್ಮ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು. ಸಾಲಿನವರೂ ನಕ್ಕರು, ನೀಲವ್ವನೂ ನಕ್ಕಳು.

ಹೋಟೆಲಿಗೆ ಒಬ್ಬಳೇ ಹೆಂಗಸು ಹೋಗುವುದನ್ನು ಅವಳು ಊರಲ್ಲಿ ಕಂಡಿರಲಿಲ್ಲ. ಗಂಡ ಇದ್ದಾಗಲೂ ಜಾತ್ರೆಗೆ ಹೋದರೆ ಗಿಡದ ಕೆಳಗೆ ಕೂತು ಬುತ್ತಿ ಬಿಚ್ಚುವುದೇ ರೂಢಿ. ಬಸ್ ನಿಲ್ಲುವ ಜಾಗದ ಎದುರಿನ ಆ ಹೋಟೆಲಿನ ಮೆಟ್ಟಿಲ ಮುಂದೆ ನಿಂತಾಗ ಹಳೆಯ ಕಾಲುಗಳು ಹಿಂದೆ ಸರಿದವು. ಮಾತ್ರೆಯ ಪೊಟ್ಟಣ ಕೈಯಲ್ಲಿತ್ತು. ಒಳಗೆ ಹೋಗಿ, ಮೂಲೆಗೆ ಹೋಗದೆ, ರಸ್ತೆಗೆ ಕಾಣುವ ಮೊದಲ ಮೇಜಿನಲ್ಲೇ ಕೂತಳು. ಸಪ್ಲಾಯರ್ ಬಂದು ಏನು ಬೇಕೆಂದ. ಇಡ್ಲಿ, ಎಂದಳು. ಆ ವಾಸನಿ ಬರತೈತಲ್ಲ, ಅದು. ಅಲ್ಲಿ ಕಾಣೋ ಉಬ್ಬಿದ ಬನ್ಸು. ಅವನು ಒಂದೊಂದು ಪ್ಲೇಟಾ ಎಂದು ಕೇಳಿದ. "ಎರಡೆರಡು ತಾ," ಎಂದಳು. ಜೊತೆಗೆ ಯಾರಾದರೂ ಬರಲಿಕ್ಕುಂಟಾ ಎಂದ. "ಇಲ್ಲ. ನನಗ." ಅವನು ಒಮ್ಮೆ ನೋಡಿ ಹೋದ. ನೋಡಿಕೊಳ್ಳಲಿ. ಗೋಳಿಬಜೆ ಬೆರಳು ಸುಡುವಷ್ಟು ಬಿಸಿಯಾಗಿತ್ತು, ಮುರಿದರೆ ಒಳಗಿನಿಂದ ಹಬೆ. ಕಾಯಿ ಚಟ್ನಿಯಲ್ಲಿ ಅದ್ದಿ ಬಾಯಿಗಿಟ್ಟಾಗ ನೀಲವ್ವನಿಗೆ ರುಚಿ ಎಂಬುದು ಎಷ್ಟು ದಿನದ ಮೇಲೆ ಮರಳಿ ಬಂತು ಅನ್ನಿಸಿತು. ಕದ್ದು ತಿನ್ನುವಾಗ ನಾಲಿಗೆಗೆ ಪುರಸೊತ್ತು ಇರುವುದಿಲ್ಲ. ಈಗ ನಿಧಾನವಾಗಿ, ಅಗಿದು, ರಸ್ತೆಯಲ್ಲಿ ಹೋಗುವವರನ್ನು ನೋಡುತ್ತ ತಿಂದಳು.

ಬೆಳ್ತಂಗಡಿಯ ಬಸ್ಸು ಬಂದು ನಿಂತಿತು. ಅಳತೆಯ ಜಾಗದಲ್ಲಿ ಎರಡು ಕಡೆಯವರೂ ಜಗಳಕ್ಕೆ ಬಿದ್ದು ಕೆಲಸ ನಿಂತಿತ್ತಂತೆ. ಈರಣ್ಣ ಮತ್ತು ಹೆಗಲ ಮೇಲೆ ಸರಪಳಿ ಚೀಲ ಹೊತ್ತ ರುಕ್ಮಯ್ಯ ಇಳಿದು, ಚಹಕ್ಕೆಂದು ನೇರ ಈ ಹೋಟೆಲಿಗೇ ಬಂದರು. ಮೆಟ್ಟಿಲ ಮೇಲೆ ಈರಣ್ಣ ನಿಂತುಬಿಟ್ಟ. ಮೇಜಿನ ತುಂಬ ತಟ್ಟೆ, ನಡುವೆ ತಾಯಿ.

"ಅವ್ವಾ," ಎಂದ ಹತ್ತಿರ ಬಂದು, ದನಿ ತಗ್ಗಿಸಿ, "ಇಲ್ಲೇನ್ ಮಾಡಾಕತ್ತಿ?"

"ಉಣ್ಣಾಕತ್ತೀನಿ," ಎಂದಳು ನೀಲವ್ವ, ದನಿ ತಗ್ಗಿಸದೆ. "ಕೂಡು."

ಅವನು ಕೂರಲಿಲ್ಲ. ಆಚೀಚೆ ನೋಡಿದ. ಅವಳು ಮಾತ್ರೆಯ ಪೊಟ್ಟಣವನ್ನು ಅವನ ಎದುರಿಗೆ ಸರಿಸಿ ಎಲ್ಲವನ್ನೂ ಹೇಳಿದಳು: ಗಂಟಲಿನ ಗ್ರಂಥಿ, ಮೇಜಿನ ಮೇಲೆ ಬಾರಿಸಿದ್ದು, ತಲೆಗೇನೂ ಆಗಿಲ್ಲ ಎಂದದ್ದು. ಹೇಳುವಾಗ ಅವನ ಕಣ್ಣನ್ನೇ ನೋಡಿದಳು. ದೊಡ್ಡದಾಗಿ ಕಂಡರೆ ಕಾಣಲಿ. "ಮೂಡಬಿದ್ರಿ ಡಾಕ್ಟರ್ ಮುಂದ ಅವ್ವ ಉಣ್ಣೂದಿಲ್ಲ ಅಂದಿ ನೀನು. ನಾ ಬಾಯಿ ಮುಚ್ಚಿಕೊಂಡು ಕುಂತೆ. ಆ ಪಾಪದವರು ಇನ್ನೇನು ಔಷಧಿ ಕೊಡಬೇಕು?"

ಈರಣ್ಣ ಈಗ ಕೂತ. ಮೇಜಿನ ಅಂಚನ್ನು ಉಗುರಿನಿಂದ ಕೆರೆದ. "ನಂಗ ಗೊತ್ತಿತ್ತವ್ವಾ," ಎಂದ. "ರೊಟ್ಟಿ ಕಮ್ಮಿ ಆಗೂದು, ಹಿಟ್ಟು ತೀರೂದು. ಹೇಳಿದ್ರ ನಿನ್ನ ಮರ್ಯಾದಿ ಹೋಗತೈತಿ ಅಂತ..." ಅವನು ಮುಚ್ಚಿಟ್ಟದ್ದು ತನ್ನ ಮರ್ಯಾದೆಯನ್ನೋ, ಅವಳದನ್ನೋ ಅವನಿಗೇ ತಿಳಿಯುತ್ತಿರಲಿಲ್ಲ. ನೀಲವ್ವನಿಗೆ ಅವನು ಸಣ್ಣವನಿದ್ದಾಗ ಹಲ್ಲು ಬಿದ್ದದ್ದನ್ನು ಮುಚ್ಚಿಕೊಳ್ಳಲು ಬಾಯಿಗೆ ಕೈ ಇಟ್ಟು ತಿರುಗುತ್ತಿದ್ದದ್ದು ನೆನಪಾಯಿತು. ಬನ್ಸಿನ ತಟ್ಟೆಯನ್ನು ಅವನ ಕಡೆಗೆ ದೂಡಿದಳು. ರುಕ್ಮಯ್ಯ ಇನ್ನೂ ಚೀಲ ಹೊತ್ತು ನಿಂತೇ ಇದ್ದ.

"ಸರ್, ಹುಬ್ಬಳ್ಳಿ ಬಸ್ಸಿನ ಸೀಟು?" ಎಂದ ಅವನು ಮೆಲ್ಲಗೆ.

"ಬರೆಸಬ್ಯಾಡ ರುಕ್ಮಯ್ಯ," ಎಂದಳು ನೀಲವ್ವ. "ಮುಂದಿನ ವಾರ ದವಾಖಾನಿಗಿ ಹೋಗೂದೈತಿ. ಚೀಲ ಇಳಿಸು, ನೀನೂ ತಿನ್ನು. ಏ ತಮ್ಮಾ, ಇನ್ನೆರಡು ಪ್ಲೇಟು ಬಜಿ ತಾ."

ಮಂಗಳೂರಿನ ಪರೀಕ್ಷೆಯೂ ಅದನ್ನೇ ಹೇಳಿತು. ಮಾತ್ರೆ ಒಂದೇ ದಿನದಲ್ಲಿ ಹಿಡಿಯಲಿಲ್ಲ. ಮಳೆ ಬರುವ ತನಕವೂ ಅವಳು ಉಂಡಳು, ಬೆವರಿದಳು, ಕೆಲವೊಮ್ಮೆ ಸುಮ್ಮಸುಮ್ಮನೆ ಅತ್ತಳು. ಆದರೆ ಬಾಗಿಲು ತೆರೆದಿಟ್ಟುಕೊಂಡು ಉಂಡಳು. ಈರಣ್ಣ ಊರಿಗೆ ಬರೆದು ಜೋಳದ ಮೂಟೆಯನ್ನೇ ತರಿಸಿದ. ಸಾಲದಿದ್ದಾಗ ಅವಳು ಇಲ್ಲಿಯ ಕುಚ್ಚಲಕ್ಕಿ ಗಂಜಿಗೂ ಕೈ ಹಚ್ಚಿದಳು. ಪ್ರತಿ ಸಲ ಆಸ್ಪತ್ರೆಗೆ ಒಬ್ಬಳೇ ಹೋಗಿ, ಸಾಲಿನಲ್ಲಿ ನಿಂತು, ಸೇಸಮ್ಮನಿಂದ ಒಂದೆರಡು ಮಾತು ಕಲಿತು ಬರುತ್ತಿದ್ದಳು. ಒಂದು ದಿನ ತಟ್ಟಿದ ರೊಟ್ಟಿ ಚಂದ್ರನ ಹಾಗೆ ದುಂಡಗಾಗಿ ಕೊಣಮಿಗೆಯ ಮೇಲೆ ತಿರುಗಿತು. ಅವಳು ಅದನ್ನು ಬೇಯಿಸುವುದನ್ನೂ ಮರೆತು ನೋಡುತ್ತ ಕೂತಳು.

ಶ್ರಾವಣದಲ್ಲಿ ರಾಜಮತಿಯಮ್ಮ ತಮ್ಮ ಮನೆಯ ಊಟಕ್ಕೆ ಕರೆದರು. ಹೊರಗೆ ಜಡಿಮಳೆ, ಒಳಗೆ ಬಾಳೆಲೆಯ ಮೇಲೆ ಬಿಸಿ ಅನ್ನ, ಸೌತೆಕಾಯಿ ಹುಳಿ, ಕಡ್ಲೆಬೇಳೆ ಪಾಯಸ. ಈ ಬಾಡಿಗೆಯ ಹೆಂಗಸಿನ ಹಸಿವು ಈಗ ಇಡೀ ಕೇರಿಗೆ ಗೊತ್ತಿದ್ದ ಸಂಗತಿಯಾದ್ದರಿಂದ ರಾಜಮತಿಯಮ್ಮ ದೊಡ್ಡ ಪಾತ್ರೆಯನ್ನೇ ಎದುರಿಗೆ ತಂದಿಟ್ಟುಕೊಂಡಿದ್ದರು. ನೀಲವ್ವ ಉಂಡಳು, ಎರಡನೆಯ ಸಲ ಹಾಕಿಸಿಕೊಂಡಳು. ಮೂರನೆಯ ಸಲ ಸೌಟು ಬರುವಾಗ ಅವಳ ಕೈ ತಾನಾಗಿ ಎಲೆಯ ಮೇಲೆ ಅಡ್ಡ ಬಂತು. ಅದು ಸಂಕೋಚದ ಕೈಯಾಗಿರಲಿಲ್ಲ. ಹೊಟ್ಟೆಯಲ್ಲಿ ಏನೋ ಮೆಲ್ಲಗೆ ಕೂತಿತ್ತು, ಭಾರವಾಗಿ, ಬೆಚ್ಚಗೆ, ಇನ್ನೆಲ್ಲಿಗೂ ಹೋಗುವ ಅವಸರವಿಲ್ಲದ ಹಾಗೆ. ಅದೇನೆಂದು ಗುರುತಿಸಲು ಅವಳಿಗೆ ಸ್ವಲ್ಪ ಹೊತ್ತು ಬೇಕಾಯಿತು.

"ಯಾವು," ಎಂದಳು.

ತುಳುವಿನಲ್ಲಿ ಹೇಳಿದಳೆಂದು ನಗಬೇಕೋ, ಸಾಕು ಎಂದಳೆಂದು ನಂಬಬೇಕೋ ತಿಳಿಯದೆ ರಾಜಮತಿಯಮ್ಮ ಸೌಟು ಹಿಡಿದುಕೊಂಡೇ ನಿಂತರು. "ನಿಜವಾಗಿ ಸಾಕಾ? ನಾಚಿಕೆ ಮಾಡ್ಬೇಡಿ."

"ಖರೇನ ಸಾಕ್ರಿ ಅಮ್ಮಾರ," ಎಂದಳು ನೀಲವ್ವ. "ಹೊಟ್ಟಿ ತುಂಬೇತಿ."